‘ಸಕ್ಸೆಸ್’ ಎಂದು ಬಂದ ಮೇಲೆ: ಡೆಕ್ಸ್‌ನಲ್ಲಿ ಮುಗಿದ ಟೋಕನ್ ಸ್ವಾಪನ್ನು ಓದುವ ಸಮಗ್ರ ಮಾರ್ಗದರ್ಶಿ

ಡೆಕ್ಸ್‌ನಲ್ಲಿ, ಅಂದರೆ ನಡುವೆ ಕಂಪನಿಯಿಲ್ಲದೆ ಕೋಡ್ ಮೂಲಕವೇ ಕ್ರಿಪ್ಟೋ ಟೋಕನ್ ಬದಲಾಯಿಸಿಕೊಳ್ಳುವ ತಾಣದಲ್ಲಿ, ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆಯಲು ಸ್ವಾಪ್ ಒತ್ತುತ್ತೀರಿ, ಅರೆ ನಿಮಿಷದಲ್ಲಿ ಹಸಿರು ಬಣ್ಣದ ‘ಸಕ್ಸೆಸ್’ ಬರುತ್ತದೆ. ವಾಲೆಟ್ ತೆರೆದರೆ ಟೋಕನ್ ಎಣಿಸಿದಷ್ಟು ಇಲ್ಲ. ಆಗ ಹೆಚ್ಚಿನವರು ಯಾವುದೋ ಚಾರ್ಟ್‌ನಲ್ಲಿ ಆ ಹೊತ್ತಿನ ಬೆಲೆ ನೋಡಿ, ಗುಣಿಸಿ, ವ್ಯತ್ಯಾಸ ಕಂಡು, ‘ಗ್ಯಾಸ್ ನುಂಗಿತು’ (ಗ್ಯಾಸ್ ಎಂದರೆ ವಹಿವಾಟಿಗೆ ಜಾಲಕ್ಕೆ ಕಟ್ಟುವ ಶುಲ್ಕ) ಅಂತಲೋ ‘ಮೋಸ ಆಯಿತು’ ಅಂತಲೋ ತೀರ್ಮಾನಿಸಿಬಿಡುತ್ತಾರೆ.

ಪರಿಚಿತರು ತಂದ ಇಂಥ ಲೆಕ್ಕಗಳನ್ನು ಎಷ್ಟೋ ಸಲ ಕೂತು ಬಿಡಿಸಿದ್ದೇನೆ. ಎಡವಿದ ಜಾಗ ಹೆಚ್ಚೂಕಡಿಮೆ ಪ್ರತಿ ಸಲವೂ ಒಂದೇ: ಬೆಲೆಯಿಂದ ಶುರು ಮಾಡಿರುತ್ತಾರೆ. ಬೆಲೆ ತಡವಾಗಿ ಬರಬೇಕು. ಮೊದಲು ವಿಳಾಸ, ಆಮೇಲೆ ಸಂಖ್ಯೆ, ಆಮೇಲೆ ಬೆಲೆ, ಅದಾದ ಮೇಲೆ ಅದೇ ಬ್ಲಾಕ್‌ನ (ಒಟ್ಟಿಗೆ ದಾಖಲಾಗುವ ವಹಿವಾಟುಗಳ ಕಟ್ಟು) ಅಕ್ಕಪಕ್ಕದ ವಹಿವಾಟು. ಈ ಕ್ರಮ ತಪ್ಪಿದರೆ ಎಷ್ಟು ಜಾಣತನದಿಂದ ಲೆಕ್ಕ ಹಾಕಿದರೂ ಉತ್ತರ ಬೇರೆಲ್ಲೋ ಹೋಗುತ್ತದೆ.

ಇಲ್ಲಿ ಈಥೀರಿಯಮ್ ಎಂಬ ಬ್ಲಾಕ್‌ಚೈನ್ ಮೇಲಿನ ಯೂನಿಸ್ವಾಪ್ ಎಂಬ ಡೆಕ್ಸನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. 2020ರ ಮೇನಲ್ಲಿ ಬಂದ ವಿ2 ಮತ್ತು 2021ರ ಮೇನಲ್ಲಿ ಬಂದ ವಿ3 ಆವೃತ್ತಿಗಳೆರಡರ ಪೂಲ್‌ಗಳೂ (ಸ್ವಾಪ್‌ಗೆಂದು ಎರಡು ಟೋಕನ್‌ಗಳನ್ನು ಕೂಡಿಟ್ಟ ಕೊಳಗಳು) ಇವತ್ತಿಗೂ ನಡೆಯುತ್ತಿವೆ. 2025ರ ಜನವರಿಯಲ್ಲಿ ಬಂದ ವಿ4ರ ಬಗ್ಗೆ ಬೇಕಾದ ಕಡೆ ಹೇಳುತ್ತೇನೆ. ಬೇರೆ ಬಹಳಷ್ಟು ಡೆಕ್ಸ್‌ಗಳು ಇವುಗಳ ಅಚ್ಚಿನಲ್ಲೇ ಎರಕಗೊಂಡಿರುವುದರಿಂದ ಓದುವ ರೀತಿ ಅಲ್ಲಿಗೂ ನಡೆಯುತ್ತದೆ.

## ಕೂರುವ ಮುಂಚೆ ಕೈಲಿ ಇರಬೇಕಾದ್ದು

ವಹಿವಾಟಿನ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ, ಬೇಕು. ‘0ಎಕ್ಸ್’ ಬಿಟ್ಟು 64 ಅಕ್ಷರ ಇದ್ದರೆ ಅದು ಹ್ಯಾಶ್, 40 ಇದ್ದರೆ ವಿಳಾಸ. ‘ಇದೇ ಹ್ಯಾಶ್’ ಎಂದು ವಾಲೆಟ್ ವಿಳಾಸ ಕಳಿಸುವವರು ಬಹಳ ಮಂದಿ. ಸ್ಕ್ರೀನ್‌ಶಾಟ್‌ನಿಂದ ಯಾವ ಪ್ರಯೋಜನವೂ ಇಲ್ಲ.

ಎಕ್ಸ್‌ಪ್ಲೋರರ್, ಅಂದರೆ ಚೈನ್‌ನ ದಾಖಲೆ ತೋರಿಸುವ ಜಾಲತಾಣ, ಬೇಕು: ಈಥೀರಿಯಮ್‌ಗೆ ಈಥರ್‌ಸ್ಕ್ಯಾನ್, ಬೇಸ್‌ಗೆ ಬೇಸ್‌ಸ್ಕ್ಯಾನ್, ಆರ್ಬಿಟ್ರಮ್‌ಗೆ ಆರ್ಬಿಸ್ಕ್ಯಾನ್. ಯಾವ ಚೈನ್‌ನಲ್ಲಿ ಸ್ವಾಪ್ ಆಯಿತೋ ಅದರದ್ದೇ ತೆರೆಯಬೇಕು. ಇಲ್ಲದಿದ್ದರೆ ‘ಇಂಥ ವಹಿವಾಟೇ ಇಲ್ಲ’ ಎಂದು ಬರುತ್ತದೆ, ಜನ ಗಾಬರಿ ಬೀಳುತ್ತಾರೆ.

ಸ್ಪ್ರೆಡ್‌ಶೀಟ್ ಬೇಕು, ಒಂದು ಎಚ್ಚರಿಕೆಯ ಜೊತೆಗೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಟೋಕನ್ ಮೊತ್ತ 19, 20 ಅಂಕಿ ಇರುವುದು ಮಾಮೂಲು, ಬಾಲದ ಅಂಕಿಗಳು ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತವೆ. ಆದ್ದರಿಂದ ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿ, ಮೂಲ ಸಂಖ್ಯೆಯನ್ನು ಹಾಗೇ ಅಂಟಿಸಿ. ದಶಮಾಂಶ ಸರಿಸಿದ್ದನ್ನು ಪಕ್ಕದ ಕಾಲಮ್‌ನಲ್ಲಿ ಬರೆಯಿರಿ.

ವಾಲೆಟ್ ಜೋಡಿಸುವ ಅಗತ್ಯ ಎಲ್ಲೂ ಇಲ್ಲ. ಮುಗಿದ ಸ್ವಾಪನ್ನು ನೋಡಿಕೊಡುತ್ತೇವೆ ಎಂದು ಯಾರಾದರೂ ವಾಲೆಟ್ ಜೋಡಿಸಲು ಅಥವಾ ರಹಸ್ಯ ಪದಗಳನ್ನು ಕೊಡಲು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಓದಬೇಕಾದ ಎಲ್ಲವೂ ಬಯಲಲ್ಲೇ ಇದೆ.

## ಹಂತ 1: ಸ್ವಾಪ್ ನಿಜವಾಗಿ ಮುಗಿದಿದೆಯೇ?

ಸ್ಟೇಟಸ್ ನೋಡಿ. ‘ಫೇಲ್ಡ್’ ಎಂದಿದ್ದರೆ ಟೋಕನ್ ಎಲ್ಲೂ ಹೋಗಿಲ್ಲ, ಆದರೆ ಗ್ಯಾಸ್ ಹೋಗಿದೆ, ಅದು ವಾಪಸ್ ಬರುವುದಿಲ್ಲ. ಮುಂದಿನ ಹಂತಗಳು ಬೇಕಾಗಿಲ್ಲ.

‘ಸಕ್ಸೆಸ್’ ಎಂದರೆ ಕಾಂಟ್ರಾಕ್ಟ್‌ನ (ಚೈನ್ ಮೇಲೆ ತಾನೇ ಓಡುವ ಪ್ರೋಗ್ರಾಮ್) ಕೋಡ್ ಎಡವದೆ ಕೊನೆವರೆಗೆ ಓಡಿತು ಎಂದಷ್ಟೇ ಅರ್ಥ. ಒಳ್ಳೆಯ ಬೆಲೆ ಸಿಕ್ಕಿತು ಎಂದಾಗಲಿ, ಬಂದಿರುವುದು ಅಸಲಿ ಟೋಕನ್ ಎಂದಾಗಲಿ ಅಲ್ಲ.

ಬ್ಲಾಕ್ ಸಂಖ್ಯೆಯ ಪಕ್ಕ ‘ಫೈನಲೈಸ್ಡ್’ ಬಂದಿದೆಯೇ ಎಂದೂ ನೋಡಿಕೊಳ್ಳಿ. ಈಥೀರಿಯಮ್‌ನಲ್ಲಿ 12 ಸೆಕೆಂಡಿಗೊಂದು ಸ್ಲಾಟ್, 32 ಸ್ಲಾಟಿಗೊಂದು ಎಪಾಕ್. ಎರಡು ಎಪಾಕ್ ಕಳೆದರೆ, ಅಂದರೆ ಸುಮಾರು 13 ನಿಮಿಷಕ್ಕೆ, ಬ್ಲಾಕ್ ಅಂತಿಮವಾಗುತ್ತದೆ. ದೊಡ್ಡ ಮೊತ್ತದ ಲೆಕ್ಕಕ್ಕೆ ಅಷ್ಟು ಹೊತ್ತು ಕಾಯುವುದು ಒಳ್ಳೆಯದು.

## ಹಂತ 2: ಯಾರು, ಯಾರಿಗೆ — ವಿಳಾಸಗಳನ್ನು ಗುರುತಿಸಿ

‘ಫ್ರಮ್’ ಎಂದಿರುವಲ್ಲಿ ನಿಮ್ಮ ವಾಲೆಟ್ ಇರಬೇಕು. ಇಲ್ಲದಿದ್ದರೆ ಹೆದರಬೇಡಿ. ಕೌ ಸ್ವಾಪ್, ಯೂನಿಸ್ವಾಪ್‌ಎಕ್ಸ್‌ನಂಥ ಕಡೆ ನೀವು ಸಹಿ ಮಾಡಿದ ಆರ್ಡರನ್ನು ಬೇರೊಬ್ಬರು ಪೂರೈಸುತ್ತಾರೆ. ವಹಿವಾಟು ಅವರ ವಿಳಾಸದಿಂದಲೇ ಹೊರಡುತ್ತದೆ, ಗ್ಯಾಸ್ ಕೂಡ ಅವರೇ ಕಟ್ಟುತ್ತಾರೆ. ಒಂದೇ ವಹಿವಾಟಿನಲ್ಲಿ ಹಲವರ ಆರ್ಡರ್‌ಗಳು ಸೇರಿರಬಹುದು. ಅಂಥ ಕಡೆ ಇಡೀ ಪಟ್ಟಿಯಲ್ಲಿ ನಿಮ್ಮ ವಿಳಾಸ ಇರುವ ಸಾಲುಗಳನ್ನಷ್ಟೇ ಆರಿಸಿಕೊಳ್ಳಿ.

‘ಟು’ ಎಂದಿರುವಲ್ಲಿ ಸಾಮಾನ್ಯವಾಗಿ ಪೂಲ್ ಇರುವುದಿಲ್ಲ, ರೂಟರ್ ಇರುತ್ತದೆ. ಯೂನಿಸ್ವಾಪ್ ಆದರೆ ‘ಯೂನಿವರ್ಸಲ್ ರೂಟರ್’. ರೂಟರ್ ದಾರಿ ತೋರಿಸುವ ದಲ್ಲಾಳಿ ಇದ್ದ ಹಾಗೆ, ಸರಕು ಅಲ್ಲಿ ನಿಲ್ಲುವುದಿಲ್ಲ. ಸ್ವಾಪ್ ನಡೆಯುವುದು ಪೂಲ್‌ನಲ್ಲಿ, ಪೂಲ್ ಯಾವುದೆಂಬುದು ಲಾಗ್‌ನಲ್ಲಿ (ಕಾಂಟ್ರಾಕ್ಟ್‌ಗಳು ಬರೆದಿಟ್ಟ ದಾಖಲೆ) ಮಾತ್ರ ತಿಳಿಯುತ್ತದೆ.

ಮೂರನೆಯದು ಟೋಕನ್ ಕಾಂಟ್ರಾಕ್ಟ್‌ಗಳ ವಿಳಾಸ. ಹೆಸರು, ಚಿಹ್ನೆ, ಲೋಗೋ ಯಾವುದನ್ನೂ ನೆಚ್ಚಬೇಡಿ. ‘ಯುಎಸ್‌ಡಿಸಿ’ ಎಂಬ ಡಾಲರ್ ಟೋಕನ್‌ನ ಹೆಸರಿಟ್ಟು ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಟೋಕನ್ ಹುಟ್ಟಿಸಬಹುದು. ಟೋಕನ್ ಮೇಲೆ ಕ್ಲಿಕ್ ಮಾಡಿ, ತೆರೆದುಕೊಂಡ ಪುಟದ ಕಾಂಟ್ರಾಕ್ಟ್ ವಿಳಾಸವನ್ನು ಟೋಕನ್ ಹೊರಡಿಸಿದವರ ಅಧಿಕೃತ ಪುಟದಲ್ಲಿರುವ ವಿಳಾಸದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದಿದರೆ ಸಾಲದು. ತುದಿಗಳು ಹೊಂದುವಂತೆ ಬೇಕೆಂದೇ ತಯಾರಿಸಿದ ವಿಳಾಸಗಳು ಬೇಕಾದಷ್ಟಿವೆ.

## ಹಂತ 3: ಲಾಗ್ ತೆರೆಯಿರಿ, ಮೂರೇ ಬಗೆಯ ಸಾಲು ಹುಡುಕಿ

ಮುಖಪುಟದ ‘ಇಷ್ಟು ಕೊಟ್ಟು ಇಷ್ಟು ಪಡೆದರು’ ಎಂಬ ಸಾರಾಂಶ ಎಕ್ಸ್‌ಪ್ಲೋರರ್ ಮಾಡಿದ ಊಹೆ. ಸಾಕ್ಷಿ ಇರುವುದು ‘ಲಾಗ್ಸ್’ ಟ್ಯಾಬ್‌ನಲ್ಲಿ. ಅಲ್ಲಿ ಹತ್ತಾರು ಸಾಲು ಕಂಡರೂ ನಮಗೆ ಬೇಕಾದ್ದು ಮೂರು ಬಗೆ: ‘ಟ್ರಾನ್ಸ್‌ಫರ್’, ‘ಸ್ವಾಪ್’, ವಿ2 ಆದರೆ ‘ಸಿಂಕ್’ (ಸ್ವಾಪ್ ನಂತರ ಪೂಲ್‌ನಲ್ಲಿ ಉಳಿದ ಮೊತ್ತ).

ಪ್ರತಿ ಸಾಲಿನ ನೆತ್ತಿಯಲ್ಲಿ ‘ಅಡ್ರೆಸ್’ ಎಂದಿರುತ್ತದೆ. ಈ ಲಾಗನ್ನು ಬರೆದ ಕಾಂಟ್ರಾಕ್ಟ್ ಅದೇ. ಕಾಂಟ್ರಾಕ್ಟ್ ತನ್ನ ಲಾಗ್‌ನಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು, ನಿಮ್ಮ ವಾಲೆಟ್‌ನಿಂದ ಟೋಕನ್ ಹೋಯಿತು ಎಂದು ಸುಳ್ಳು ಕೂಡ. ಹಾಗಾಗಿ ಟ್ರಾನ್ಸ್‌ಫರ್ ಸಾಲಿನ ನೆತ್ತಿಯಲ್ಲಿ ಅಸಲಿ ಟೋಕನ್ ಕಾಂಟ್ರಾಕ್ಟ್ ಇದ್ದರೆ ಮಾತ್ರ ಅದು ಲೆಕ್ಕಕ್ಕೆ.

ಸಾಲುಗಳ ಕ್ರಮ ವಿ2ರಲ್ಲಿ ಸಹಜವಾಗಿದೆ: ನೀವು ಕೊಟ್ಟದ್ದು, ಪೂಲ್ ಕೊಟ್ಟದ್ದು, ಸಿಂಕ್, ಸ್ವಾಪ್. ವಿ3ರಲ್ಲಿ ತಿರುವುಮುರುವು: ಪೂಲ್ ಮೊದಲು ಟೋಕನ್ ಕೊಟ್ಟುಬಿಡುತ್ತದೆ, ಆಮೇಲೆ ತನಗೆ ಬರಬೇಕಾದ್ದನ್ನು ಕೇಳಿ ಪಡೆಯುತ್ತದೆ, ಕಡೆಗೆ ಸ್ವಾಪ್ ಸಾಲು ಬರೆಯುತ್ತದೆ. ಇದನ್ನು ಕಂಡು ‘ಯಾರಿಗೋ ಮೊದಲು ದುಡ್ಡು ಹೋಗಿದೆ’ ಎಂದು ಅನುಮಾನಪಡುತ್ತಾರೆ. ಅದು ವಿ3ರ ನಡೆಯೇ ಹಾಗೆ.

ವಿ4ರಲ್ಲಿ ಎಲ್ಲ ಪೂಲ್‌ಗಳೂ ‘ಪೂಲ್ ಮ್ಯಾನೇಜರ್’ ಎಂಬ ಒಂದೇ ಕಾಂಟ್ರಾಕ್ಟ್‌ನ ಹೊಟ್ಟೆಯಲ್ಲಿವೆ. ಅಲ್ಲಿ ವಿಳಾಸ ನೋಡಿ ಪೂಲ್ ಗುರುತಿಸಲಾಗದು, ಸ್ವಾಪ್ ಸಾಲಿನಲ್ಲಿರುವ ‘ಐಡಿ’ ನೋಡಬೇಕು.

ಈಥೀರಿಯಮ್‌ನ ಸ್ವಂತ ನಾಣ್ಯವಾದ ನೇಟಿವ್ ಈಥರ್‌ಗೆ ಟ್ರಾನ್ಸ್‌ಫರ್ ಲಾಗ್ ಬೀಳುವುದಿಲ್ಲ ಎಂಬುದನ್ನೂ ನೆನಪಿಡಿ. ‘ಟೋಕನ್ ಕೊಟ್ಟೆ, ಈಥರ್ ಬರಲೇ ಇಲ್ಲ’ ಎನ್ನುವವರು ‘ಇಂಟರ್ನಲ್ ಟ್ರಾನ್ಸಾಕ್ಷನ್ಸ್’ ಟ್ಯಾಬ್ ತೆರೆದಿರುವುದಿಲ್ಲ. ವಿ2, ವಿ3 ಪೂಲ್‌ಗಳು ಕೊಡುವುದು ವೆತ್, ಅಂದರೆ ಟೋಕನ್ ರೂಪದಲ್ಲಿ ಸುತ್ತಿಟ್ಟ ಈಥರ್. ರೂಟರ್ ಅದನ್ನು ಬಿಚ್ಚಿ ಈಥರ್ ಮಾಡಿ ಕಳಿಸುತ್ತದೆ. ನೀವೇ ಈಥರ್ ಕೊಟ್ಟಿದ್ದರೂ ಆ ಟ್ಯಾಬ್ ನೋಡಿ. ಹೆಚ್ಚಾದದ್ದನ್ನು ರೂಟರ್ ಹಿಂದಿರುಗಿಸಿರಬಹುದು, ಆಗ ‘ವ್ಯಾಲ್ಯೂ’ ಎಂದು ಕಾಣುವ ಮೊತ್ತ ನೀವು ನಿಜಕ್ಕೂ ಖರ್ಚು ಮಾಡಿದ್ದಲ್ಲ.

## ಹಂತ 4: ಕಚ್ಚಾ ಸಂಖ್ಯೆಯನ್ನು ಟೋಕನ್ ಆಗಿ ಮಾಡಿ

ಲಾಗ್‌ನಲ್ಲಿ ಚುಕ್ಕೆ ಇರುವುದಿಲ್ಲ, ಪೂರ್ಣಾಂಕ ಮಾತ್ರ. ಎಷ್ಟು ಸ್ಥಾನ ಬಿಟ್ಟು ಚುಕ್ಕೆ ಇಡಬೇಕು ಎಂದು ಟೋಕನ್ ಕಾಂಟ್ರಾಕ್ಟ್ ಹೇಳುತ್ತದೆ: ಈಥೀರಿಯಮ್‌ನಲ್ಲಿ ಯುಎಸ್‌ಡಿಸಿ, ಯುಎಸ್‌ಡಿಟಿಗೆ 6, ಡಬ್ಲ್ಯುಬಿಟಿಸಿಗೆ 8, ವೆತ್ ಮತ್ತು ಡಾಯ್‌ಗೆ 18. ಇದನ್ನು ಬಾಯಿಪಾಠ ಮಾಡಿ ಬೇರೆ ಚೈನ್‌ಗೆ ಹೊತ್ತೊಯ್ಯಬೇಡಿ. ಬಿಎನ್‌ಬಿ ಚೈನ್‌ನಲ್ಲಿ ಚಾಲ್ತಿಯಲ್ಲಿರುವ ಯುಎಸ್‌ಡಿಟಿಗೆ 18 ಸ್ಥಾನ. ಹೆಸರು ಒಂದೇ, ಆದರೆ ಲೆಕ್ಕ ಲಕ್ಷ ಕೋಟಿ ಪಟ್ಟು ತಪ್ಪುತ್ತದೆ.

ಸ್ವಾಪ್ ಸಾಲಿನಲ್ಲಿ ಟೋಕನ್‌ಗಳಿಗೆ ಹೆಸರೂ ಇಲ್ಲ. ‘ಅಮೌಂಟ್0’, ‘ಅಮೌಂಟ್1’ ಎಂದಷ್ಟೇ. ಯಾವುದು ಯಾವುದು? ಎರಡು ಕಾಂಟ್ರಾಕ್ಟ್ ವಿಳಾಸಗಳಲ್ಲಿ ಚಿಕ್ಕದು 0, ದೊಡ್ಡದು 1. ಯುಎಸ್‌ಡಿಸಿಯ ವಿಳಾಸ ‘ಎ0’ಯಿಂದ, ವೆತ್‌ನದು ‘ಸಿ0’ಯಿಂದ, ಯುಎಸ್‌ಡಿಟಿಯದು ‘ಡಿಎ’ಯಿಂದ ಶುರುವಾಗುತ್ತದೆ. ಆದ್ದರಿಂದ ಯುಎಸ್‌ಡಿಸಿ–ವೆತ್ ಪೂಲ್‌ನಲ್ಲಿ ವೆತ್ 1ನೆಯದು, ವೆತ್–ಯುಎಸ್‌ಡಿಟಿ ಪೂಲ್‌ನಲ್ಲಿ ಅದೇ ವೆತ್ 0ನೆಯದು. ಒಂದು ಪೂಲ್‌ಗೆ ಕಲಿತ ಸೂತ್ರವನ್ನು ಇನ್ನೊಂದಕ್ಕೆ ಹಾಕಿ ಬೆಲೆ ತಲೆಕೆಳಗಾಗುವುದು ಇಲ್ಲಿಯೇ.

ಇನ್ನು ಚಿಹ್ನೆ. ವಿ2ರಲ್ಲಿ ‘ಇನ್’, ‘ಔಟ್’ ಎಂದು ನಾಲ್ಕು ಬೇರೆ ಬೇರೆ ಸಂಖ್ಯೆಗಳಿರುತ್ತವೆ, ಗೊಂದಲವಿಲ್ಲ. ವಿ3ರಲ್ಲಿ ಎರಡೇ ಸಂಖ್ಯೆ, ಅವು ಪೂಲ್‌ನ ಕಣ್ಣಿನಿಂದ ಬರೆದವು: ಪ್ಲಸ್ ಎಂದರೆ ಪೂಲ್‌ಗೆ ಬಂದದ್ದು, ಮೈನಸ್ ಎಂದರೆ ಪೂಲ್‌ನಿಂದ ಹೋದದ್ದು. ನಿಮಗೆ ಸಿಕ್ಕಿದ್ದು ಮೈನಸ್ ಇರುವುದು. ವಿ4ರಲ್ಲಿ ಇದು ಉಲ್ಟಾ, ಅಲ್ಲಿ ಮೈನಸ್ ಎಂದರೆ ಸ್ವಾಪ್ ಮಾಡಿದವರು ಕೊಟ್ಟದ್ದು. ವಿ3ಗೆ ಬರೆದ ಶೀಟನ್ನು ವಿ4ಗೆ ಬಳಸಿದರೆ ಖರೀದಿಯೆಲ್ಲ ಮಾರಾಟವಾಗಿ ಕಾಣುತ್ತದೆ.

ಯುಎಸ್‌ಡಿಸಿ–ವೆತ್‌ನ ವಿ3 ಪೂಲ್‌ನಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ: ಅಮೌಂಟ್0 5000000000, ಅಮೌಂಟ್1 −1998900000000000000. ಮೊದಲನೆಯದಕ್ಕೆ 6 ಸ್ಥಾನ: 5,000 ಯುಎಸ್‌ಡಿಸಿ ಪೂಲ್‌ಗೆ ಹೋಯಿತು. ಎರಡನೆಯದಕ್ಕೆ 18 ಸ್ಥಾನ: 1.9989 ವೆತ್ ಪೂಲ್‌ನಿಂದ ಬಂತು.

## ಹಂತ 5: ಪೂಲ್ ಕೊಟ್ಟದ್ದು ಅಷ್ಟೂ ನಿಮ್ಮ ಕೈ ಸೇರಿತೇ?

ಇದನ್ನು ಬೇರೆ ಹಂತವಾಗಿ ಇಟ್ಟದ್ದಕ್ಕೆ ಕಾರಣವಿದೆ. ಹೆಸರು ಬೇಡದ ಒಂದು ಟೋಕನ್ ಕೊಂಡಾಗ ನನ್ನದೇ ಸ್ವಾಪ್ ಸಾಲು 40,000 ಎಂದು ತೋರಿಸುತ್ತಿತ್ತು, ವಾಲೆಟ್‌ನಲ್ಲಿ 38,000 ಇತ್ತು. ರಾತ್ರಿಯೆಲ್ಲ ದಶಮಾಂಶ ತಿರುಗಿಸಿದೆ, ಪೂಲ್ ಲೆಕ್ಕ ಮತ್ತೆ ಮತ್ತೆ ಮಾಡಿದೆ. ಉತ್ತರ ಕಣ್ಣೆದುರೇ ಇತ್ತು: ಪೂಲ್‌ನಿಂದ ಹೊರಟ ಟ್ರಾನ್ಸ್‌ಫರ್ ಒಂದಲ್ಲ, ಎರಡು. ನನಗೆ 38,000, ನಾನು ಕಂಡರಿಯದ ಮೂರನೇ ವಿಳಾಸಕ್ಕೆ 2,000. ಟೋಕನ್‌ನ ಕೋಡೇ ಪ್ರತಿ ವರ್ಗಾವಣೆಯಲ್ಲಿ ಶೇ 5 ಕತ್ತರಿಸುತ್ತಿತ್ತು.

ಹಾಗಾಗಿ ಸ್ವಾಪ್ ಸಾಲಿನ ಮೊತ್ತವನ್ನೂ ನಿಮ್ಮ ವಿಳಾಸಕ್ಕೆ ಬಂದ ಕೊನೆಯ ಟ್ರಾನ್ಸ್‌ಫರ್ ಮೊತ್ತವನ್ನೂ ಅಕ್ಕಪಕ್ಕ ಬರೆಯಿರಿ. ವ್ಯತ್ಯಾಸ ಇದ್ದರೆ ಎರಡರಲ್ಲಿ ಒಂದು: ಟೋಕನ್ ತನ್ನೊಳಗೇ ಕತ್ತರಿಸುತ್ತಿದೆ, ಇಲ್ಲವೇ ನೀವು ಬಳಸಿದ ಜಾಲತಾಣ ಅಥವಾ ವಾಲೆಟ್ ತನ್ನ ಕಮಿಷನ್ ತೆಗೆದಿದೆ. ಎರಡನೆಯದಾದರೆ ರೂಟರ್‌ನಿಂದ ಬೇರೊಂದು ವಿಳಾಸಕ್ಕೆ ಸಣ್ಣ ಮೊತ್ತ ಹೋಗಿರುತ್ತದೆ. ಯೂನಿಸ್ವಾಪ್‌ನ ಜಾಲತಾಣ 2023ರ ಅಕ್ಟೋಬರ್‌ನಲ್ಲಿ ಕೆಲವು ಟೋಕನ್‌ಗಳ ಮೇಲೆ ಶೇ 0.15 ತೆಗೆಯಲು ಶುರು ಮಾಡಿತ್ತು, ಆಮೇಲೆ ಆ ದರ ಬದಲಾಗಿದೆ. ವಾಲೆಟ್ ಒಳಗಿನ ಸ್ವಾಪ್ ಬಟನ್‌ಗಳು ಇದಕ್ಕಿಂತ ಹೆಚ್ಚು ತೆಗೆಯುವುದುಂಟು. ಪೂಲ್ ಶುಲ್ಕ ಬೇರೆ, ಇದು ಬೇರೆ. ಒಂದೇ ಕಾಲಮ್‌ಗೆ ಸೇರಿಸಬೇಡಿ.

ಒಂದು ವಹಿವಾಟಿನಲ್ಲಿ ಎರಡು ಮೂರು ಸ್ವಾಪ್ ಸಾಲುಗಳಿದ್ದರೆ ದಾರಿ ಬಿಡಿಸಿಕೊಳ್ಳಿ. ಮೊದಲ ಪೂಲ್ ಕೊಟ್ಟ ವೆತ್ ಎರಡನೇ ಪೂಲ್‌ಗೆ ಹೋಗಿದ್ದರೆ ಅದು ಸರಪಳಿ, ಎರಡೂ ಸೇರಿ ಒಂದೇ ಸ್ವಾಪ್. ನಿಮ್ಮ ಮೊತ್ತವೇ ಎರಡು ಪಾಲಾಗಿ ಎರಡು ಪೂಲ್‌ಗೆ ಹೋಗಿದ್ದರೆ ಅದು ಕವಲು, ಬಂದದ್ದನ್ನು ಕೂಡಿಸಬೇಕು. ಸರಪಳಿಯನ್ನು ಕೂಡಿಸಿಬಿಟ್ಟರೆ 5,000 ಡಾಲರ್‌ನ ಸ್ವಾಪ್ 10,000 ಆಗಿ ಕಾಣುತ್ತದೆ.

## ಹಂತ 6: ಈಗ ಬೆಲೆ

ಸಿಕ್ಕ ಬೆಲೆ ಸುಲಭ: ಕೊಟ್ಟದ್ದು ÷ ಪಡೆದದ್ದು. ಮೇಲಿನ ಸಾಲಿನಲ್ಲಿ 5,000 ÷ 1.9989 = 2,501.38. ಇದನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದೇ ಕಷ್ಟದ ಭಾಗ.

ಚಾರ್ಟ್ ಬೆಲೆ ಬೇಡ, ಅದು ಬೇರೆ ಮಾರುಕಟ್ಟೆಯದ್ದು, ಬೇರೆ ಸೆಕೆಂಡಿನದ್ದು. ಈಥರ್‌ಸ್ಕ್ಯಾನ್ ಪಕ್ಕದಲ್ಲೇ ತೋರಿಸುವ ಡಾಲರ್ ಮೌಲ್ಯವೂ ಬೇಡ. ಹಳೆಯ ವಹಿವಾಟಿಗೂ ಅದು ಮೊದಲು ತೋರಿಸುವುದು ಇವತ್ತಿನ ಬೆಲೆ, ಮೇಲೆ ಒತ್ತಿದರೆ ಮಾತ್ರ ಆ ದಿನದ ಅಂದಾಜಿಗೆ ಬದಲಾಗುತ್ತದೆ. ಹೋಲಿಸಬೇಕಾದ್ದು ಅದೇ ಪೂಲ್‌ನಲ್ಲಿ ನಿಮ್ಮ ಸ್ವಾಪ್‌ಗಿಂತ ಮುಂಚೆ ಇದ್ದ ಬೆಲೆಗೆ.

ವಿ3ರ ಸ್ವಾಪ್ ಸಾಲಿನ ಕೊನೆಯಲ್ಲಿ ‘ಟಿಕ್’ ಎಂಬ ಸಂಖ್ಯೆ ಇದೆ. 1.0001ನ್ನು ಅಷ್ಟು ಸಲ ಗುಣಿಸಿದರೆ ಬರುವುದು ಪೂಲ್‌ನ ಬೆಲೆ, ಟೋಕನ್0ಕ್ಕೆ ಎಷ್ಟು ಟೋಕನ್1 ಎಂಬ ಲೆಕ್ಕದಲ್ಲಿ, ದಶಮಾಂಶ ಸರಿಪಡಿಸದೆ. ಯುಎಸ್‌ಡಿಸಿ–ವೆತ್‌ನಲ್ಲಿ ಎರಡರ ಸ್ಥಾನಗಳ ಅಂತರ 12, ಬೆಲೆಯೂ ತಿರುವುಮುರುವು. ಆದ್ದರಿಂದ ಡಾಲರ್ ಬೆಲೆಗೆ 10ರ 12ನೇ ಘಾತವನ್ನು 1.0001ರ ಟಿಕ್‌ನೇ ಘಾತದಿಂದ ಭಾಗಿಸಿ. ಟಿಕ್ 198079 ಇದ್ದರೆ ಬೆಲೆ 2,500ರ ಆಸುಪಾಸು. ಇನ್ನೂ ನಿಖರ ಬೇಕಿದ್ದರೆ ಪಕ್ಕದ ‘ಸ್ಕ್ವೇರ್‌ರೂಟ್ ಪ್ರೈಸ್’ ಸಂಖ್ಯೆಯನ್ನು 2ರ 96ನೇ ಘಾತದಿಂದ ಭಾಗಿಸಿ ವರ್ಗ ಮಾಡಿ.

ಇಲ್ಲಿ ಎಡವುವವರು ಅತಿ ಹೆಚ್ಚು: ನಿಮ್ಮ ಸಾಲಿನಲ್ಲಿರುವ ಟಿಕ್ ನಿಮ್ಮ ಸ್ವಾಪ್ ಮುಗಿದ ಮೇಲಿನದ್ದು. ಮುಂಚಿನ ಬೆಲೆ ಬೇಕಿದ್ದರೆ ಪೂಲ್‌ನ ವಿಳಾಸಕ್ಕೆ ಹೋಗಿ, ಅಲ್ಲಿನ ಲಾಗ್‌ಗಳಲ್ಲಿ ನಿಮ್ಮದಕ್ಕಿಂತ ಹಿಂದಿನ ಸ್ವಾಪ್ ಸಾಲಿನ ಟಿಕ್ ನೋಡಬೇಕು. ಅದು 2,500 ಎಂದಾದರೆ ನಿಮ್ಮ 2,501.38 ಶೇ 0.055 ದುಬಾರಿ. ಪೂಲ್‌ನ ಶುಲ್ಕ ಶೇ 0.05 ಎಂದಾದರೆ ಉಳಿದದ್ದು ಲೆಕ್ಕಕ್ಕೇ ಬಾರದಷ್ಟು. ಆ ಸ್ವಾಪ್ ಚೆನ್ನಾಗಿಯೇ ಆಗಿದೆ. ವಿ3 ಪೂಲ್‌ಗಳ ಶುಲ್ಕ ಶೇ 0.01, 0.05, 0.30, 1 ಎಂದು ನಾಲ್ಕು ಬಗೆ. ಯಾವ ಪೂಲ್‌ಗೆ ಯಾವುದೆಂದು ಅದರ ಕಾಂಟ್ರಾಕ್ಟ್‌ನ ‘ರೀಡ್’ ವಿಭಾಗದಲ್ಲಿ ‘ಫೀ’ ಎಂಬಲ್ಲಿದೆ.

ವಿ2ರಲ್ಲಿ ಹಿಂದಿನ ಸಾಲು ಹುಡುಕುವ ಕೆಲಸವೂ ಇಲ್ಲ. ಲೆಕ್ಕ ಕೈಗೆ ಹತ್ತಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನೀವು 5,000 ಯುಎಸ್‌ಡಿಸಿ ಕೊಟ್ಟು 1.955017 ವೆತ್ ಪಡೆದಿರಿ. ಸಿಂಕ್ ಸಾಲು ಸ್ವಾಪ್ ನಂತರ ಪೂಲ್‌ನಲ್ಲಿ 2,55,000 ಯುಎಸ್‌ಡಿಸಿ, 98.044983 ವೆತ್ ಇದೆ ಎನ್ನುತ್ತದೆ. ನೀವು ಕೊಟ್ಟದ್ದನ್ನು ಕಳೆಯಿರಿ, ಪಡೆದದ್ದನ್ನು ಕೂಡಿಸಿ: ಮುಂಚೆ 2,50,000 ಮತ್ತು 100 ಇತ್ತು. ಅಂದರೆ ಬೆಲೆ 2,500. ನಿಮಗೆ ಬಿದ್ದದ್ದು 2,557.52, ಶೇ 2.3 ಹೆಚ್ಚು. ವಿ2ರ ಶುಲ್ಕ ಶೇ 0.3. ಉಳಿದ ಸುಮಾರು ಶೇ 2 ನಿಮ್ಮದೇ ಸ್ವಾಪ್ ಬೆಲೆಯನ್ನು ತಳ್ಳಿದ ಪರಿಣಾಮ. ಪೂಲ್ ಚಿಕ್ಕದು, ಮೊತ್ತ ದೊಡ್ಡದು, ಹಾಗಾಗಿ. ಇದರಲ್ಲಿ ಮೋಸವಿಲ್ಲ, ಯಾರೂ ಏನೂ ಕದ್ದಿಲ್ಲ.

## ಹಂತ 7: ಅಕ್ಕಪಕ್ಕ ನೋಡಿ — ಸ್ಯಾಂಡ್‌ವಿಚ್ ಆಗಿದೆಯೇ?

ಸ್ಯಾಂಡ್‌ವಿಚ್ ಎಂದರೆ ಒಂದು ಬಾಟ್ (ತಾನೇ ವಹಿವಾಟು ಮಾಡುವ ಪ್ರೋಗ್ರಾಮ್) ನಿಮ್ಮ ಸ್ವಾಪ್‌ಗೆ ಮುಂಚೆ ಕೊಂಡು, ಬೆನ್ನಿಗೇ ಮಾರಿ ಲಾಭ ಹೊಡೆಯುವುದು. ಬೆಲೆ ಸರಿ ಕಂಡರೂ ಈ ಹಂತ ಬಿಡಬೇಡಿ. ಬೆಲೆ ಸರಿ ಕಂಡಾಗಲೇ ಇದು ಹೆಚ್ಚು ಬೇಕು.

ಮೊದಲು ನಿಮ್ಮ ಕನಿಷ್ಠ ಮಿತಿ ಹುಡುಕಿ. ಮುಖಪುಟದ ಕೆಳಗೆ ‘ಇನ್‌ಪುಟ್ ಡೇಟಾ’ ಡೀಕೋಡ್ ಮಾಡಿದರೆ ‘ಅಮೌಂಟ್ ಔಟ್ ಮಿನಿಮಮ್’ ಎಂದು ಸಿಗುತ್ತದೆ. ನೀವು ಸ್ಲಿಪೇಜ್ (ನಿರೀಕ್ಷೆಗಿಂತ ಎಷ್ಟು ಕಡಿಮೆ ಸಿಕ್ಕರೂ ಸೈ ಎಂಬ ಮಿತಿ) ಎಂದು ಆರಿಸಿದ ಶೇಕಡಾವಾರು ಕೊನೆಗೆ ಈ ಒಂದು ಸಂಖ್ಯೆಯಾಗಿ ಕೂರುತ್ತದೆ. ಇದಕ್ಕಿಂತ ಕಡಿಮೆ ಸಿಗುವಂತಿದ್ದರೆ ವಹಿವಾಟು ತಾನೇ ರದ್ದಾಗುತ್ತದೆ.

ಮೇಲಿನ ವಿ2 ಪೂಲ್‌ನಲ್ಲೇ ಶೇ 3 ಸ್ಲಿಪೇಜ್ ಇಟ್ಟಿರಿ ಎಂದುಕೊಳ್ಳಿ. ನಿರೀಕ್ಷೆ 1.955017, ಮಿತಿ 1.896366. ನಿಮ್ಮ ವಹಿವಾಟು ಸರದಿಯಲ್ಲಿ ಕಾಯುತ್ತಿರುವಾಗ ಒಂದು ಬಾಟ್ ಅದನ್ನು ನೋಡುತ್ತದೆ, ನಿಮಗಿಂತ ಒಂದು ಹೆಜ್ಜೆ ಮುಂದೆ 3,880 ಯುಎಸ್‌ಡಿಸಿ ಹಾಕಿ 1.523766 ವೆತ್ ಎತ್ತಿಕೊಳ್ಳುತ್ತದೆ. ಬೆಲೆ 2,578ಕ್ಕೆ ಏರುತ್ತದೆ. ಈಗ ನಿಮ್ಮ ಸರದಿ: 5,000ಕ್ಕೆ ಸಿಗುವುದು 1.896371. ಮಿತಿಗಿಂತ ಕೂದಲೆಳೆಯಷ್ಟು ಮೇಲೆ, ಹಾಗಾಗಿ ವಹಿವಾಟು ರದ್ದಾಗದೆ ‘ಸಕ್ಸೆಸ್’ ಆಗುತ್ತದೆ. ನಿಮ್ಮ ಬೆನ್ನಿಗೇ ಬಾಟ್ ತನ್ನ 1.523766 ವೆತ್ ಮಾರಿ 4,009 ಯುಎಸ್‌ಡಿಸಿ ಪಡೆಯುತ್ತದೆ. ಗ್ಯಾಸ್‌ಗೆ ಮುಂಚಿನ ಲಾಭ ಸುಮಾರು 129 ಡಾಲರ್. ನಿಮ್ಮ ನಷ್ಟ 0.0586 ವೆತ್, ಹಳೆಯ ಬೆಲೆಗೆ ಸುಮಾರು 147 ಡಾಲರ್.

ಈಗ ಹಂತ 6ನ್ನೇ ಈ ಸ್ವಾಪ್ ಮೇಲೆ ಮಾಡಿ ನೋಡಿ. ಸಿಂಕ್‌ನಿಂದ ಹಿಂದೆ ಲೆಕ್ಕ ಹಾಕಿದರೆ ಮುಂಚಿನ ಬೆಲೆ 2,578. ನಿಮಗೆ ಬಿದ್ದದ್ದು 2,636.61. ವ್ಯತ್ಯಾಸ ಶೇ 2.27, ಏನೂ ಆಗಿಲ್ಲದ ಸ್ವಾಪ್‌ನಲ್ಲಿ ಕಂಡ ಶೇ 2.3ಕ್ಕೆ ಹೆಚ್ಚೂಕಡಿಮೆ ಸಮ! ಬಾಟ್ ಬೆಲೆ ಏರಿಸಿದ ಮೇಲಿನ ಸ್ಥಿತಿಯನ್ನು ‘ಮುಂಚಿನ ಬೆಲೆ’ ಎಂದು ಹಿಡಿದಿದ್ದರಿಂದ ಕಳ್ಳತನ ಲೆಕ್ಕದಲ್ಲಿ ಕಾಣಿಸಲೇ ಇಲ್ಲ. ಹಿಂದಿನ ಬ್ಲಾಕ್‌ನ ಕೊನೆಯಲ್ಲಿದ್ದ 2,500ಕ್ಕೆ ಹೋಲಿಸಿದರೆ ಮಾತ್ರ ಶೇ 5.46 ಎದ್ದು ಕಾಣುತ್ತದೆ. ಹಾಗಾಗಿ ಹೋಲಿಕೆ ಎರಡು ಸಲ ಮಾಡಬೇಕು: ತಕ್ಷಣದ ಹಿಂದಿನ ಸ್ಥಿತಿಗೆ ಒಮ್ಮೆ, ಹಿಂದಿನ ಬ್ಲಾಕ್ ಮುಗಿದಾಗಿನ ಸ್ಥಿತಿಗೆ ಇನ್ನೊಮ್ಮೆ. ಎರಡು ಉತ್ತರ ದೂರ ದೂರ ಇದ್ದರೆ ಮುಂದೆ ಅಗೆಯಿರಿ.

ಅಗೆಯುವುದು ಹೀಗೆ. ‘ಮೋರ್ ಡೀಟೇಲ್ಸ್’ ಬಿಚ್ಚಿದರೆ ‘ಪೊಸಿಷನ್ ಇನ್ ಬ್ಲಾಕ್’ ಸಿಗುತ್ತದೆ. ನಿಮ್ಮದು 7 ಎಂದಿದ್ದರೆ ಅದೇ ಬ್ಲಾಕ್‌ನ 6 ಮತ್ತು 8ನ್ನು ತೆರೆಯಿರಿ. ಅದೇ ಪೂಲ್‌ನಲ್ಲಿ 6ನೆಯದು ನಿಮ್ಮ ದಿಕ್ಕಿಗೇ, 8ನೆಯದು ವಿರುದ್ಧ ದಿಕ್ಕಿಗೆ, ಎರಡಕ್ಕೂ ಒಂದೇ ಕಾಂಟ್ರಾಕ್ಟ್, 6ರಲ್ಲಿ ಪಡೆದಷ್ಟೇ ಟೋಕನ್ 8ರಲ್ಲಿ ಮಾರಿದೆ ಎಂದಾದರೆ ಅನುಮಾನವೇ ಬೇಡ. ನಡುವೆ ಬೇರೆ ಬಲಿಪಶುಗಳೂ ಸಿಕ್ಕಿಬಿದ್ದಿರಬಹುದು, ಆದ್ದರಿಂದ ಎರಡು ಮೂರು ಸ್ಥಾನ ಆಚೀಚೆ ನೋಡಿ. ಮುಂದೆ ಮಾತ್ರ ಒಂದು ಖರೀದಿ ಇದ್ದು ಹಿಂದೆ ಮಾರಾಟ ಇಲ್ಲದಿದ್ದರೆ ಅದನ್ನು ಸ್ಯಾಂಡ್‌ವಿಚ್ ಎನ್ನಬೇಡಿ. ಅದು ಯಾರದೋ ಮಾಮೂಲಿ ಸ್ವಾಪ್ ಇದ್ದೀತು.

ಮಿತಿ ಸರಿಯಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ 2025ರ ಮಾರ್ಚ್ 12ರ ಪ್ರಕರಣ ಸಾಕು. ಯೂನಿಸ್ವಾಪ್ ವಿ3ರ ಯುಎಸ್‌ಡಿಸಿ–ಯುಎಸ್‌ಡಿಟಿ ಪೂಲ್‌ನಲ್ಲಿ ಒಬ್ಬರು ಸುಮಾರು 2,20,000 ಡಾಲರ್‌ನ ಯುಎಸ್‌ಡಿಸಿ ಹಾಕಿ ಸುಮಾರು 5,270 ಯುಎಸ್‌ಡಿಟಿ ಪಡೆದರು. ಎರಡೂ ಒಂದು ಡಾಲರ್‌ಗೆ ಕಟ್ಟಿದ ಟೋಕನ್‌ಗಳು, ಬೆಲೆ ಏರಿಳಿಯುವ ಪ್ರಶ್ನೆಯೇ ಇರಲಿಲ್ಲ. ಸ್ಯಾಂಡ್‌ವಿಚ್ ಮಾಡಿದ ಬಾಟ್‌ನಿಂದ ಸೆಕೆಂಡುಗಳಲ್ಲೇ ಹಣ ಹೋಯಿತು. ಕನಿಷ್ಠ ಮಿತಿ 2,19,000 ಎಂದಿದ್ದಿದ್ದರೆ ಆ ವಹಿವಾಟು ರದ್ದಾಗಿ ಗ್ಯಾಸ್ ಮಾತ್ರ ಹೋಗುತ್ತಿತ್ತು. ಅದರ ಸ್ಟೇಟಸ್ ಕೂಡ ಇವತ್ತಿಗೂ ಹಸಿರು ಬಣ್ಣದ ‘ಸಕ್ಸೆಸ್’.

ಪದೇ ಪದೇ ಹೀಗಾಗುತ್ತಿದ್ದರೆ ವಹಿವಾಟನ್ನು ಬಯಲು ಸರದಿಗೆ ಬಿಡದೆ ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್‌ನಂಥ ಖಾಸಗಿ ದಾರಿಯಿಂದ ಕಳಿಸಿ. ಸ್ಲಿಪೇಜನ್ನು ‘ಆಗಲಿ ಬಿಡು’ ಎಂದು ಶೇ 5, 10ಕ್ಕೆ ಏರಿಸುವ ಚಾಳಿ ಬಿಡಿ. ನೀವು ಬಿಟ್ಟುಕೊಟ್ಟಷ್ಟೂ ಬಾಟ್‌ನ ಪಾಲು.

## ಕೆಂಪು ದೀಪಗಳು

ಲೆಕ್ಕದ ಮಧ್ಯೆ ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ, ಹಿಂದೆ ಹೋಗಿ ನೋಡಿ.

ಸಿಕ್ಕ ಮೊತ್ತ ಕನಿಷ್ಠ ಮಿತಿಗೆ ಅಂಟಿಕೊಂಡಿದೆ. ಸಹಜವಾಗಿ ಹಾಗಾಗುವುದು ಅಪರೂಪ.

ಟೋಕನ್‌ನ ಪೂಲ್‌ನಲ್ಲಿ ಖರೀದಿಗಳೇ ತುಂಬಿವೆ, ಮಾರಾಟ ಒಂದೂ ಇಲ್ಲ ಅಥವಾ ಒಂದೆರಡು ವಿಳಾಸಗಳದ್ದು ಮಾತ್ರ. ಕೊಳ್ಳಲು ಬಿಟ್ಟು ಮಾರಲು ಬಿಡದ ಬಲೆಯ ಲಕ್ಷಣ ಇದು. ಅಂಥ ಟೋಕನ್ ವಾಲೆಟ್‌ನಲ್ಲಿ ಎಷ್ಟು ಬೆಲೆ ತೋರಿಸಿದರೂ ಅದನ್ನು ಶೂನ್ಯವೆಂದೇ ಬರೆದಿಟ್ಟುಕೊಳ್ಳಿ.

ನೀವು ಮಾಡದ ಟ್ರಾನ್ಸ್‌ಫರ್ ನಿಮ್ಮ ಇತಿಹಾಸದಲ್ಲಿ ಕಾಣುತ್ತಿದೆ, ಮೊತ್ತ ಸೊನ್ನೆ ಅಥವಾ ಚಿಲ್ಲರೆ, ಎದುರಿನ ವಿಳಾಸ ನಿಮಗೆ ಗೊತ್ತಿರುವ ವಿಳಾಸದಂತೆಯೇ ಇದೆ. ಮುಂದಿನ ಸಲ ನೀವು ಇತಿಹಾಸದಿಂದ ವಿಳಾಸ ನಕಲು ಮಾಡಲಿ ಎಂದು ಹಾಕಿದ ಗಾಳ ಅದು. ಅದನ್ನು ಸ್ವಾಪ್ ಲೆಕ್ಕಕ್ಕೂ ಸೇರಿಸಬೇಡಿ, ಅಲ್ಲಿಂದ ಯಾವ ವಿಳಾಸವನ್ನೂ ನಕಲು ಮಾಡಬೇಡಿ.

## ಹಂತ 8: ಗ್ಯಾಸ್, ದಿನಾಂಕ, ಮತ್ತು ತೆರಿಗೆಗೆ ಬೇಕಾದ ಸಾಲು

ಗ್ಯಾಸ್ ಲೆಕ್ಕ ನೇರ: ಬಳಸಿದ ಗ್ಯಾಸ್ × ಗ್ಯಾಸ್ ಬೆಲೆ. 1,50,000 ಗ್ಯಾಸ್, 10 ಗ್ವೇ (ಈಥರ್‌ನ ನೂರು ಕೋಟಿಯಲ್ಲಿ ಒಂದು ಭಾಗ ಒಂದು ಗ್ವೇ) ಆದರೆ 0.0015 ಈಥರ್. ಇದು ಪೂಲ್ ಬೆಲೆಯೊಳಗೆ ಸೇರಿಲ್ಲ, ಬೇರೆ ಕಾಲಮ್‌ನಲ್ಲಿ ಬರೆಯಿರಿ. ‘ಗ್ಯಾಸ್ ಲಿಮಿಟ್’ ನೋಡಿ ಗುಣಿಸಬೇಡಿ, ‘ಯೂಸ್ಡ್’ ಎಂದಿರುವುದನ್ನು ತೆಗೆದುಕೊಳ್ಳಿ.

ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ಇದು ಬಹಳ ಮುಖ್ಯ. 2022ರ ಏಪ್ರಿಲ್ 1ರಿಂದ ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇ 30 ತೆರಿಗೆ ಇದೆ. ರೂಪಾಯಿ ಮುಟ್ಟದೆ ಟೋಕನ್ ಕೊಟ್ಟು ಟೋಕನ್ ಪಡೆದರೂ ಅದು ವರ್ಗಾವಣೆಯೇ. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ, ಕೊಂಡ ವೆಚ್ಚ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಗ್ಯಾಸನ್ನೂ ಜಾಲತಾಣದ ಕಮಿಷನ್ನನ್ನೂ ಬೇರೆ ಬೇರೆ ಕಾಲಮ್‌ನಲ್ಲಿಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಯಾವುದನ್ನು ಎಲ್ಲಿ ಸೇರಿಸಬೇಕೆಂದು ನಿಮ್ಮ ಲೆಕ್ಕಪರಿಶೋಧಕರು ನಿರ್ಧರಿಸಲಿ, ಆದರೆ ಅವರ ಕೈಗೆ ಕಲಸುಮೇಲೋಗರ ಕೊಡಬೇಡಿ.

ಪ್ರತಿ ಸ್ವಾಪ್‌ಗೆ ಒಂದು ಸಾಲು: ಹ್ಯಾಶ್, ಬ್ಲಾಕ್, ಪೂಲ್, ಕೊಟ್ಟ ಟೋಕನ್ ಮತ್ತು ಮೊತ್ತ, ಕೈ ಸೇರಿದ ಟೋಕನ್ ಮತ್ತು ಮೊತ್ತ, ಗ್ಯಾಸ್, ಕಮಿಷನ್, ಆ ದಿನದ ರೂಪಾಯಿ ಮೌಲ್ಯ, ಮತ್ತು ಸಮಯ.

ಸಮಯದ ಕಾಲಮ್‌ಗೆ ಒಂದು ನಿಮಿಷ ಹೆಚ್ಚು ಕೊಡಿ. ಈಥರ್‌ಸ್ಕ್ಯಾನ್ ತೋರಿಸುವುದು ಯುಟಿಸಿ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಾರ್ಚ್ 31, 20:10 ಯುಟಿಸಿ ಎಂದು ಕಾಣುವ ಸ್ವಾಪ್ ನಮ್ಮಲ್ಲಿ ಏಪ್ರಿಲ್ 1ರ ನಸುಕಿನ 1:40. ಅಂದರೆ ಅದು ಸೇರಬೇಕಾದ್ದು ಮುಂದಿನ ಹಣಕಾಸು ವರ್ಷಕ್ಕೆ. ಮಾರ್ಚ್ 31ರ 18:30 ಯುಟಿಸಿಯಿಂದ ಆಚೆಗಿನ ಸಾಲುಗಳನ್ನೆಲ್ಲ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಆಮೇಲೆ ಶೀಟ್ ಕಳಿಸಿ.